ಆ ಬೆಂಕಿಯುಂಡೆ ಬಿದ್ದದ್ದೆಲ್ಲಿ?

ಇವತ್ತಿನ ಕಥೆ ಶುರುವಾಗೋದು ಶಿವಮೊಗ್ಗದ ತುಂಗಾ ಸೇತುವೆ ಮೇಲೆ.

ಸಂಜೆ 7ರ ಹೊತ್ತು, ನಡೆದು ಬರ್ತಿದ್ದೆ. ಇದ್ದಕ್ಕಿದ್ದಂತೆ ಪೂರ್ವದ ಆಕಾಶದಲ್ಲಿ ಹಸಿರು ಬೆರೆತ ಬಿಳಿ ಬೆಳಕೊಂದು ಓರೆಯಾಗಿ ಇಳಿದು, ಎರಡು ತುಂಡಾಗಿ ಆರಿಹೋಯ್ತು. 3 ಸೆಕೆಂಡ್ ಇರಬಹುದು. ಮೊಬೈಲ್ ಜೇಬಿನಲ್ಲೇ ಉಳೀತು. ವಿದ್ಯಾನಗರದ ಆಚೆ ಎಲ್ಲೋ ಬಿತ್ತು ಅಂತ ನನಗೆ ಖಾತ್ರಿ.

ಭದ್ರಾವತಿಯ ಮಾವನಿಗೆ ಫೋನ್ ಮಾಡಿದೆ. "ನಾನೂ ನೋಡ್ದೆ ಕಣೋ, ಇಲ್ಲೇ ಕಬ್ಬಿಣದ ಕಾರ್ಖಾನೆ ಹಿಂದೆ ಬಿತ್ತು" ಅಂದ್ರು. ಅಲ್ಲ ಮಾವ, ಇಲ್ಲಿ ಅಂತ ನಾನು. 10 ನಿಮಿಷ ಜಗಳ!

ಯಾರು ಸರಿ? ಬಹುಶಃ ಇಬ್ಬರೂ ತಪ್ಪು. ಯಾಕೆ ಅಂತ ತಿಳಿಯೋಕೆ 200 ವರ್ಷಕ್ಕೂ ಹಿಂದೆ ಹೋಗಬೇಕು.

ಆಗ ಯುರೋಪಿನ ಬಹುಪಾಲು ಪಂಡಿತರು, ಉಲ್ಕೆ ಮಿಂಚಿನ ಹಾಗೆ ನಮ್ಮ ಗಾಳಿಯಲ್ಲೇ ಹುಟ್ಟುತ್ತೆ ಅಂತಿದ್ರು. ಆಕಾಶದಿಂದ ಕಲ್ಲು ಬಿತ್ತು ಅಂತ ರೈತರು ಹೇಳಿದ್ರೆ ನಂಬ್ತಿರಲಿಲ್ಲ. 1794ರಲ್ಲಿ ಜರ್ಮನಿಯ ಕ್ಲಾಡ್ನಿ, ಜನ ಕಂಡದ್ದನ್ನೇ ಕಲೆಹಾಕಿ, ಇವು ಬಾಹ್ಯಾಕಾಶದಿಂದ ಬರ್ತವೆ ಅಂತ ಬರೆದ. ಒಪ್ಪಿದವರು ಕಡಿಮೆ.

1798ರಲ್ಲಿ ಗಾಟಿಂಗೆನ್‌ನ ಇಬ್ಬರು ವಿದ್ಯಾರ್ಥಿಗಳು, ಬ್ರಾಂಡೆಸ್ ಮತ್ತು ಬೆನ್ಜೆನ್‌ಬರ್ಗ್, ಸುಮಾರು 15 ಕಿ.ಮೀ. ಅಂತರದಲ್ಲಿ ಕೂತು ರಾತ್ರಿಯೆಲ್ಲ ಆಕಾಶ ನೋಡಿದ್ರು. ಹೆಚ್ಚು ಕಡಿಮೆ ನಮ್ಮ ಶಿವಮೊಗ್ಗ, ಭದ್ರಾವತಿಯಷ್ಟೇ ದೂರ! ಇಬ್ಬರಿಗೂ ಕಂಡ ಉಲ್ಕೆಯ ಜಾಗವನ್ನು ನಕ್ಷತ್ರಗಳ ನಡುವೆ ಗುರುತು ಹಾಕಿಕೊಂಡ್ರು.

ನೀವೂ ಹೆಬ್ಬೆರಳು ಚಾಚಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಗೋಡೆ ಮೇಲೆ ಬೆರಳಿನ ಜಾಗ ಬದಲಾಗುತ್ತೆ. ಎಷ್ಟು ಜರುಗಿತು ಅನ್ನೋದರಿಂದ ದೂರದ ಲೆಕ್ಕ ಸಿಗುತ್ತೆ. ಆ ಹುಡುಗರ ಲೆಕ್ಕದಲ್ಲಿ ಎಷ್ಟೋ ಉಲ್ಕೆಗಳು 100 ಕಿ.ಮೀ. ಆಸುಪಾಸಿನ ಎತ್ತರದಲ್ಲಿದ್ದವು, ಮೋಡಗಳಿಗಿಂತ ಬಹಳ ಮೇಲೆ. ಅಷ್ಟು ಎತ್ತರದ ಬೆಳಕು ನೂರಾರು ಕಿ.ಮೀ. ಆಚೆ ಆರಿದ್ರೂ ಪಕ್ಕದ ತೋಟಕ್ಕೆ ಬಿದ್ದಂತೆ ಕಾಣುತ್ತೆ.

ಹಾಗಂತ ಕಲ್ಲು ಬೀಳೋದೇ ಇಲ್ಲ ಅಂತಲ್ಲ. 1865ರ ಸೆಪ್ಟೆಂಬರ್ 21ರಂದು ನಮ್ಮ ಮದ್ದೂರಿನಲ್ಲೇ ಬಿದ್ದಿದೆ.

ನನ್ನ ಬೇಜಾರು ಒಂದೇ. ಮಾವ ಮತ್ತು ನಾನು ಎರಡು ಊರಿನ ಎರಡು ಸಾಕ್ಷಿ. ಯಾವ ನಕ್ಷತ್ರದ ಪಕ್ಕ ಹಾದುಹೋಯ್ತು ಅಂತ ಇಬ್ಬರೂ ನೋಡಿಟ್ಟುಕೊಂಡಿದ್ರೆ ಲೆಕ್ಕ ಹಾಕಬಹುದಿತ್ತು. ಜಗಳದಲ್ಲಿ ಅದೇ ಮರೆತುಹೋಯ್ತು.

ನಿಮಗೆ ಕಂಡ್ರೆ, ವಿಡಿಯೋ ಸಿಗದಿದ್ರೂ ಪರವಾಗಿಲ್ಲ. ಹೊತ್ತು, ದಿಕ್ಕು, ಪಕ್ಕದ ನಕ್ಷತ್ರ ಬರೆದಿಡಿ. 5 ನಿಮಿಷ ಕಿವಿಗೊಟ್ಟು ನಿಲ್ಲಿ, 100 ಕಿ.ಮೀ. ದೂರದ ಸದ್ದು ಬರೋಕೆ ಅಷ್ಟು ಹೊತ್ತು ಬೇಕು. ಆಮೇಲೆ ಪಕ್ಕದ ಊರಿನವರಿಗೆ ಫೋನ್ ಮಾಡಿ. ಎಲ್ಲಿ ಬಿತ್ತು ಅಂತ ಕೇಳಬೇಡಿ, ಎಲ್ಲಿ ಕಾಣ್ತು ಅಂತ ಕೇಳಿ.