ರೋನ್ ನದೀತೀರದ ಪೋಪ್ ನಗರ: ಅವಿನ್ಯೋನ್

ಧರ್ಮಸಭೆಯ ಚರಿತ್ರೆಯಲ್ಲಿ ರೋಮ್ ನಗರಕ್ಕೆ ಸಲ್ಲುವ ಸ್ಥಾನ ಮತ್ತಾವ ನಗರಕ್ಕೂ ಸಲ್ಲದು. ಸಂತ ಪೇತ್ರರು ಮತ್ತು ಸಂತ ಪೌಲರು ರಕ್ತ ಚೆಲ್ಲಿದ ಪುಣ್ಯಭೂಮಿ ಅದು. ಆದರೂ ಹದಿನಾಲ್ಕನೆಯ ಶತಮಾನದಲ್ಲಿ ಸುಮಾರು ಎಪ್ಪತ್ತು ವರ್ಷಗಳ ಕಾಲ ಪೇತ್ರರ ಉತ್ತರಾಧಿಕಾರಿಗಳು ರೋಮಿನಲ್ಲಿ ನೆಲೆಸದೆ, ಫ್ರಾನ್ಸ್ ದೇಶದ ದಕ್ಷಿಣ ಭಾಗದ ಒಂದು ನದೀತೀರದ ಊರಿನಲ್ಲಿ ನೆಲೆಸಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಆ ಊರೇ ಅವಿನ್ಯೋನ್. ದೇವಾಲಯವೊಂದರ ನೂರು ವರ್ಷಗಳ ಬಾಳನ್ನು ನೆನೆಯುವ ಈ ಸಂದರ್ಭದಲ್ಲಿ, ಕಲ್ಲಿನ ಕಟ್ಟಡಕ್ಕೂ ಜೀವಂತ ಸಭೆಗೂ ಇರುವ ಸಂಬಂಧವೇನೆಂಬುದನ್ನು ತಿಳಿಯಲು ಆ ನಗರದ ಚರಿತ್ರೆಗಿಂತ ಒಳ್ಳೆಯ ಪಾಠ ದೊರೆಯುವುದು ಕಷ್ಟ.

ನಗರದ ನೆಲೆ

ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟುವ ರೋನ್ ನದಿಯು ಜಿನೀವಾ ಸರೋವರವನ್ನು ಹಾದು, ಲಿಯೋನ್ ನಗರವನ್ನು ಬಳಸಿ, ದಕ್ಷಿಣಾಭಿಮುಖವಾಗಿ ಹರಿದು ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ. ಈ ನದಿಯ ಎಡದಂಡೆಯ ಮೇಲೆ, ಅದಕ್ಕೆ ದ್ಯುರಾನ್ಸ್ ಎಂಬ ಉಪನದಿಯು ಬಂದು ಕೂಡುವ ಸ್ಥಳದ ಸಮೀಪದಲ್ಲಿ ಅವಿನ್ಯೋನ್ ನೆಲೆಸಿದೆ. ಮಾರ್ಸೇಲ್ಸ್ ಬಂದರಿನಿಂದ ವಾಯವ್ಯಕ್ಕೆ ಸುಮಾರು ನೂರು ಕಿಲೋಮೀಟರ್ ದೂರ. ನಗರದ ಎದುರಿಗೆ ಬಾರ್ತೆಲಾಸ್ ಎಂಬ ವಿಶಾಲವಾದ ದ್ವೀಪವು ನದಿಯನ್ನು ಎರಡು ಕವಲಾಗಿ ಸೀಳಿದೆ. ದಡದಲ್ಲೇ ಎದ್ದು ನಿಂತ ಸುಣ್ಣಕಲ್ಲಿನ ಬಂಡೆಯೊಂದು ಊರಿಗೆ ಸಹಜವಾದ ಕೋಟೆಯಂತಿದೆ. ದೋಂ ಬಂಡೆಯೆಂದು ಹೆಸರಾದ ಇದರ ಮೇಲೆ ನಿಂತು ನೋಡಿದರೆ ಪೂರ್ವದಿಕ್ಕಿನಲ್ಲಿ ಸಾವಿರದ ಒಂಬೈನೂರು ಮೀಟರಿಗೂ ಎತ್ತರವಾದ ವಾಂತೂ ಪರ್ವತವು ಕಾಣುತ್ತದೆ. ಉತ್ತರದಿಂದ ಕಣಿವೆಯುದ್ದಕ್ಕೂ ಬೀಸುವ ಮಿಸ್ತ್ರಾಲ್ ಎಂಬ ಒಣಗಾಳಿಯು ಚಳಿಗಾಲದಲ್ಲಿ ಜನರನ್ನು ನಡುಗಿಸುವುದಾದರೂ, ಆಕಾಶವನ್ನು ತಿಳಿಯಾಗಿಸುತ್ತದೆ.

ಬಂಡೆಯ ಬುಡದಿಂದ ನದಿಯೊಳಕ್ಕೆ ಚಾಚಿ ನಡುವೆಯೇ ನಿಂತುಹೋದ ಸೇತುವೆಯೊಂದು ಈ ಊರಿನ ಗುರುತು. ಬೆನೆಜೆ ಎಂಬ ಕುರಿಕಾಯುವ ಹುಡುಗನು ೧೧೭೭ರಲ್ಲಿ ದೈವಪ್ರೇರಣೆ ಪಡೆದು, ಜನರ ಅಪಹಾಸ್ಯವನ್ನು ಲೆಕ್ಕಿಸದೆ, ಯಾರೂ ಎತ್ತಲಾಗದ ಭಾರಿ ಬಂಡೆಯನ್ನು ತಾನೇ ಹೊತ್ತು ತಂದು ಸೇತುವೆಗೆ ಅಡಿಗಲ್ಲಿಟ್ಟನೆಂದು ಪರಂಪರೆ ಹೇಳುತ್ತದೆ. ೧೧೮೫ರ ವೇಳೆಗೆ ಸೇತುವೆ ಸಿದ್ಧವಾಯಿತು. ೧೨೨೬ರಲ್ಲಿ ದೊರೆ ಎಂಟನೆಯ ಲೂಯಿಯು ನಗರಕ್ಕೆ ಮುತ್ತಿಗೆ ಹಾಕಿದಾಗ ಅದು ನಾಶವಾಯಿತು. ಮರಳಿ ಕಟ್ಟಿದ ಸೇತುವೆಗೆ ಇಪ್ಪತ್ತೆರಡು ಕಮಾನುಗಳಿದ್ದವು. ನೆರೆಯ ಹೊಡೆತಕ್ಕೆ ಅದು ಪದೇ ಪದೇ ಕುಸಿಯಲು, ಹದಿನೇಳನೆಯ ಶತಮಾನದಲ್ಲಿ ದುರಸ್ತಿಯನ್ನೇ ಕೈಬಿಡಲಾಯಿತು. ಇಂದು ಉಳಿದಿರುವುದು ನಾಲ್ಕೇ ಕಮಾನುಗಳು. ಅವುಗಳ ಮೇಲೆ ಸಂತ ನಿಕೊಲಾಸರ ಪುಟ್ಟ ಗುಡಿ. ಫ್ರಾನ್ಸಿನ ಮಕ್ಕಳೆಲ್ಲ ಹಾಡಿ ಕುಣಿಯುವ ಪ್ರಸಿದ್ಧ ಗೀತೆಯು ಈ ಸೇತುವೆಯನ್ನು ಕುರಿತದ್ದು.

ಪೋಪರು ಬಂದ ಬಗೆ

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ಪನಿಗೂ ಪೋಪ್ ಎಂಟನೆಯ ಬೊನಿಫಾಸರಿಗೂ ಘೋರ ವಿವಾದ ನಡೆಯಿತು. ೧೩೦೩ರಲ್ಲಿ ದೊರೆಯ ಕಡೆಯವರು ಅನಾನ್ಯಿ ಎಂಬಲ್ಲಿ ವೃದ್ಧ ಪೋಪರನ್ನೇ ಸೆರೆಹಿಡಿದು ಅವಮಾನಿಸಿದರು. ಅವರು ಆ ಕೊರಗಿನಲ್ಲೇ ಕೆಲವು ವಾರಗಳಲ್ಲಿ ತೀರಿಕೊಂಡರು. ೧೩೦೫ರಲ್ಲಿ ಬೋರ್ದೋ ನಗರದ ಮಹಾಧರ್ಮಾಧ್ಯಕ್ಷರು ಐದನೆಯ ಕ್ಲೆಮೆಂಟ್ ಎಂಬ ಹೆಸರಿನಿಂದ ಪೋಪರಾದರು. ದೊರೆಯ ಒತ್ತಡ ಒಂದು ಕಡೆ, ಇಟಲಿಯ ಕುಲೀನ ಮನೆತನಗಳ ಕಾದಾಟ ಇನ್ನೊಂದು ಕಡೆ. ಅವರು ರೋಮಿಗೆ ಹೋಗಲೇ ಇಲ್ಲ. ೧೩೦೯ರಲ್ಲಿ ಅವಿನ್ಯೋನಿಗೆ ಬಂದು ದೊಮಿನಿಕರ ಮಠದಲ್ಲಿ ಅತಿಥಿಯಾಗಿ ಇಳಿದರು.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಅವಿನ್ಯೋನ್ ಆಗ ಫ್ರಾನ್ಸಿನ ದೊರೆಯ ಸ್ವತ್ತಾಗಿರಲಿಲ್ಲ. ಅದು ಪ್ರೊವಾನ್ಸಿನ ಒಡೆತನವಿದ್ದ ನೇಪಲ್ಸ್ ರಾಜಮನೆತನಕ್ಕೆ ಸೇರಿತ್ತು. ಸುತ್ತಲಿನ ವೆನೆಸೆಂ ಸೀಮೆಯಾದರೋ ೧೨೭೪ರಿಂದಲೇ ಪೋಪರ ಆಡಳಿತದಲ್ಲಿತ್ತು. ೧೩೪೮ರಲ್ಲಿ ಆರನೆಯ ಕ್ಲೆಮೆಂಟರು ನೇಪಲ್ಸಿನ ರಾಣಿ ಜೊವಾನ್ನಾಳಿಂದ ಈ ನಗರವನ್ನು ಎಂಬತ್ತು ಸಾವಿರ ಚಿನ್ನದ ಫ್ಲಾರಿನ್ ನಾಣ್ಯಗಳಿಗೆ ಕ್ರಯಕ್ಕೆ ಪಡೆದರು. ಹಾಗೆ ಕೊಂಡ ಊರು ೧೭೯೧ರವರೆಗೂ ಪೋಪರದಾಗಿಯೇ ಉಳಿಯಿತು.

ಏಳು ಮಂದಿ ಪೋಪರು

ಐದನೆಯ ಕ್ಲೆಮೆಂಟ್, ಇಪ್ಪತ್ತೆರಡನೆಯ ಜಾನ್, ಹನ್ನೆರಡನೆಯ ಬೆನೆಡಿಕ್ಟ್, ಆರನೆಯ ಕ್ಲೆಮೆಂಟ್, ಆರನೆಯ ಇನ್ನೊಸೆಂಟ್, ಐದನೆಯ ಅರ್ಬನ್ ಮತ್ತು ಹನ್ನೊಂದನೆಯ ಗ್ರೆಗೊರಿ: ಈ ಏಳು ಮಂದಿಯೂ ಫ್ರೆಂಚರೇ. ಚರಿತ್ರಕಾರರು ಇವರ ಕಾಲವನ್ನು ಇಸ್ರಯೇಲರ ಬಾಬಿಲೋನಿಯ ಸೆರೆವಾಸಕ್ಕೆ ಹೋಲಿಸುವ ವಾಡಿಕೆಯಿದೆ. ಅದರಲ್ಲಿ ಸತ್ಯವಿಲ್ಲದಿಲ್ಲ. ತೆರಿಗೆಗಳು ಹೆಚ್ಚಿದವು, ಬಂಧುಗಳಿಗೆ ಪದವಿಗಳು ದೊರೆತವು, ಕಾರ್ಡಿನಲರ ಮನೆಗಳಲ್ಲಿ ವೈಭೋಗ ತುಂಬಿತು. ಅಲ್ಲಿಯೇ ಬೆಳೆದ ಕವಿ ಪೆಟ್ರಾರ್ಕನು ಆ ನಗರವನ್ನು ಕಟುವಾಗಿ ನಿಂದಿಸಿದ್ದಾನೆ. ಆದರೆ ನಿಂದೆಯೊಂದೇ ಚರಿತ್ರೆಯಲ್ಲ.

ಇಪ್ಪತ್ತೆರಡನೆಯ ಜಾನರು ೧೩೨೩ರಲ್ಲಿ ಇದೇ ನಗರದಲ್ಲಿ ಅಕ್ವಿನೋದ ಥಾಮಸರನ್ನು ಸಂತರೆಂದು ಘೋಷಿಸಿದರು. ಪರಮ ತ್ರಿತ್ವದ ಹಬ್ಬವನ್ನು ಸಮಸ್ತ ಧರ್ಮಸಭೆಗೆ ವಿಧಿಸಿದವರೂ ಅವರೇ. ನಮ್ಮ ದೇಶದ ಚರಿತ್ರೆಯಲ್ಲೂ ಅವರಿಗೊಂದು ಸ್ಥಾನವಿದೆ. ೧೩೨೯ರಲ್ಲಿ ಕೇರಳದ ಕೊಲ್ಲಂ ನಗರವನ್ನು ಧರ್ಮಪ್ರಾಂತ್ಯವಾಗಿ ಸ್ಥಾಪಿಸಿ, ದೊಮಿನಿಕ್ ಸಭೆಯ ಜೋರ್ಡಾನ್ ಕತಲಾನಿಯವರನ್ನು ಅದರ ಧರ್ಮಾಧ್ಯಕ್ಷರಾಗಿ ನೇಮಿಸಿದ ಆಜ್ಞಾಪತ್ರಗಳು ಹೊರಟದ್ದು ಅವಿನ್ಯೋನಿನಿಂದ. ಈ ಜೋರ್ಡಾನರೇ ೧೩೨೧ರಲ್ಲಿ ಮುಂಬಯಿ ಸಮೀಪದ ಠಾಣೆಯಲ್ಲಿ ರಕ್ತಸಾಕ್ಷಿಗಳಾದ ನಾಲ್ವರು ಫ್ರಾನ್ಸಿಸ್ಕನರ ದೇಹಗಳನ್ನು ಸಮಾಧಿ ಮಾಡಿದವರು. ವಾಸ್ಕೋ ಡ ಗಾಮನು ಬರುವುದಕ್ಕೆ ನೂರಅರವತ್ತೊಂಬತ್ತು ವರ್ಷ ಮೊದಲೇ, ಲತೀನ್ ವಿಧಿಯ ಧರ್ಮಪೀಠವೊಂದು ಭಾರತಕ್ಕೆ ದೊರೆತದ್ದು ಈ ‘ಸೆರೆವಾಸ’ದ ಕಾಲದಲ್ಲಿ.

ಹನ್ನೆರಡನೆಯ ಬೆನೆಡಿಕ್ಟರು ಸಿಸ್ಟರ್ಷಿಯನ್ ಸನ್ಯಾಸಿ. ಪೋಪರಾದ ಮೇಲೂ ಸರಳ ಜೀವನವನ್ನು ಬಿಟ್ಟವರಲ್ಲ. ಸಜ್ಜನರ ಆತ್ಮಗಳು ಪರಿಶುದ್ಧವಾದ ಕೂಡಲೇ, ಅಂತಿಮ ತೀರ್ಪಿನ ದಿನದವರೆಗೆ ಕಾಯದೆ, ದೇವರ ಸಾಕ್ಷಾತ್ ದರ್ಶನ ಪಡೆಯುತ್ತವೆಂಬ ಬೋಧನೆಯನ್ನು ೧೩೩೬ರಲ್ಲಿ ಅವರು ನಿರ್ಣಾಯಕವಾಗಿ ಸಾರಿದರು. ಅವರ ಪೂರ್ವಾಧಿಕಾರಿಗಳು ವೈಯಕ್ತಿಕವಾಗಿ ಬೇರೆ ಅಭಿಪ್ರಾಯವನ್ನು ಉಪದೇಶಗಳಲ್ಲಿ ಹೇಳಿ, ಮರಣಶಯ್ಯೆಯಲ್ಲಿ ಅದನ್ನು ಹಿಂತೆಗೆದುಕೊಂಡಿದ್ದರು. ಮೃತರಾದ ನಮ್ಮ ಹಿರಿಯರಿಗಾಗಿ ಬಲಿಪೂಜೆ ಅರ್ಪಿಸುವಾಗ ನಮಗಿರುವ ಭರವಸೆಗೆ ಅವಿನ್ಯೋನಿನ ಈ ಘೋಷಣೆಯೂ ಒಂದು ಆಧಾರ.

ಮಹಾಮಾರಿಯ ವರ್ಷ

೧೩೪೮ರಲ್ಲಿ ಯೂರೋಪನ್ನು ನಡುಗಿಸಿದ ಪ್ಲೇಗು ಅವಿನ್ಯೋನಿಗೂ ಬಂದಿತು. ಸ್ಮಶಾನಗಳು ತುಂಬಿಹೋದವು. ಶವಗಳನ್ನು ಹೂಳಲು ನೆಲ ಸಾಲದೆ, ಆರನೆಯ ಕ್ಲೆಮೆಂಟರು ರೋನ್ ನದಿಯನ್ನೇ ಆಶೀರ್ವದಿಸಿ, ಮೃತರನ್ನು ಅದರಲ್ಲಿ ವಿಸರ್ಜಿಸಲು ಅನುಮತಿಯಿತ್ತರೆಂದು ಹೇಳುತ್ತಾರೆ. ವೈದ್ಯ ಗೀ ದ ಶೋಲಿಯಾಕನ ಸಲಹೆಯಂತೆ ಪೋಪರು ಎರಡು ಬೆಂಕಿಗಳ ನಡುವೆ ಕುಳಿತಿದ್ದರಂತೆ. ಯೆಹೂದ್ಯರು ಬಾವಿಗಳಿಗೆ ವಿಷ ಬೆರೆಸಿದ್ದರಿಂದಲೇ ರೋಗ ಹಬ್ಬಿತೆಂಬ ಸುಳ್ಳು ಸುದ್ದಿ ಆಗ ಊರೂರಿಗೆ ಹರಡಿ, ಸಾವಿರಾರು ನಿರಪರಾಧಿಗಳು ಕೊಲೆಯಾದರು. ವೈಭವಪ್ರಿಯರೆಂದು ಹೆಸರಾದ ಇದೇ ಕ್ಲೆಮೆಂಟರು ಆ ವರ್ಷ ಎರಡು ಬಾರಿ ಆಜ್ಞಾಪತ್ರ ಹೊರಡಿಸಿದರು. ಯೆಹೂದ್ಯರೂ ಅದೇ ರೋಗದಿಂದ ಸಾಯುತ್ತಿದ್ದಾರೆ. ಯೆಹೂದ್ಯರೇ ಇಲ್ಲದ ನಾಡುಗಳಲ್ಲೂ ರೋಗವಿದೆ. ಆದುದರಿಂದ ಆಪಾದನೆ ನಿರಾಧಾರವೆಂದು ತರ್ಕಬದ್ಧವಾಗಿ ತೋರಿಸಿ, ಅವರನ್ನು ಹಿಂಸಿಸುವುದನ್ನು ನಿಷೇಧಿಸಿದರು. ಭಯದ ದಿನಗಳಲ್ಲಿ ನೆರೆಯವನ ಮೇಲೆ ತಪ್ಪು ಹೊರಿಸುವ ಪ್ರವೃತ್ತಿ ಇಂದಿಗೂ ಅಳಿದಿಲ್ಲ. ಆದುದರಿಂದ ಈ ಪ್ರಸಂಗವನ್ನು ನಾವು ಮರೆಯಲಾಗದು.

ಅರಮನೆ

ಬಂಡೆಯ ತಪ್ಪಲಲ್ಲಿ ನಿಂತಿರುವ ಪೋಪರ ಅರಮನೆಯು ಗಾಥಿಕ್ ಶೈಲಿಯ ಬೃಹತ್ ಕಟ್ಟಡಗಳಲ್ಲೊಂದು. ಇದರ ವಿಸ್ತಾರ ಸುಮಾರು ಹದಿನೈದು ಸಾವಿರ ಚದರ ಮೀಟರ್. ೧೩೩೫ರಲ್ಲಿ ಬೆನೆಡಿಕ್ಟರು ಆರಂಭಿಸಿದ ಹಳೆಯ ಭಾಗವು ಮಠದಂತೆ ಗಂಭೀರವಾಗಿದೆ. ಕ್ಲೆಮೆಂಟರು ಕೂಡಿಸಿದ ಹೊಸ ಭಾಗವು ರಾಜಭವನದಂತಿದೆ. ಮಹಾ ಪ್ರಾರ್ಥನಾಲಯದ ಉದ್ದ ಐವತ್ತೆರಡು ಮೀಟರ್. ಇಟಲಿಯ ಚಿತ್ರಕಾರ ಮತ್ತೆಯೊ ಜೊವನ್ನೆತ್ತಿ ಬರೆದ ಭಿತ್ತಿಚಿತ್ರಗಳು ಕೆಲವು ಗುಡಿಗಳಲ್ಲಿ ಉಳಿದಿವೆ. ಪಕ್ಕದಲ್ಲೇ ಹನ್ನೆರಡನೆಯ ಶತಮಾನದ ದೇವಮಾತೆಯ ಪ್ರಧಾನಾಲಯವಿದೆ; ಅದರ ಗೋಪುರದ ಮೇಲಿನ ಚಿನ್ನದ ಲೇಪದ ಮರಿಯಮ್ಮನವರ ಪ್ರತಿಮೆ ಬಹುದೂರಕ್ಕೆ ಕಾಣುತ್ತದೆ. ಇಪ್ಪತ್ತೆರಡನೆಯ ಜಾನರ ಸಮಾಧಿ ಅಲ್ಲಿದೆ. ಹಳೆಯ ಊರನ್ನು ಬಳಸಿರುವ ಕೋಟೆಗೋಡೆಯು ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದೆ. ನದಿಯ ಆಚೆಯ ವಿಲ್‌ನವ್ ಊರಿನಲ್ಲಿ ಆರನೆಯ ಇನ್ನೊಸೆಂಟರು ೧೩೫೬ರಲ್ಲಿ ಸ್ಥಾಪಿಸಿದ ಕಾರ್ತೂಸಿಯನ್ ಮಠವೂ ಅವರ ಸಮಾಧಿಯೂ ಇವೆ.

ಬಣ್ಣಗಾರನ ಮಗಳು

೧೩೭೬ರ ಜೂನ್ ತಿಂಗಳಲ್ಲಿ ಈ ಭವ್ಯ ನಗರಕ್ಕೆ ಇಟಲಿಯಿಂದ ಇಪ್ಪತ್ತೊಂಬತ್ತರ ತರುಣಿಯೊಬ್ಬಳು ಬಂದಳು. ಬಟ್ಟೆಗೆ ಬಣ್ಣ ಹಾಕುವವನ ಮಗಳಾದ ಆಕೆಗೆ ಪದವಿಯಿರಲಿಲ್ಲ, ಸೈನ್ಯವಿರಲಿಲ್ಲ, ಆಸ್ಥಾನದ ಭಾಷೆಯೂ ಬರುತ್ತಿರಲಿಲ್ಲ. ಆಕೆಯ ಮಾತನ್ನು ಗುರುಗಳೊಬ್ಬರು ಲತೀನಿಗೆ ತಿರುಗಿಸಬೇಕಾಯಿತು. ಆಕೆಯೇ ಸಿಯೆನ್ನಾದ ಸಂತ ಕ್ಯಾಥರೀನಮ್ಮ. ರೋಮಿಗೆ ಮರಳುವ ಸಂಕಲ್ಪ ಹನ್ನೊಂದನೆಯ ಗ್ರೆಗೊರಿಯವರಿಗೆ ಮೊದಲಿನಿಂದಲೂ ಇತ್ತು, ಇಲ್ಲದ್ದು ಧೈರ್ಯ. ಫ್ರೆಂಚ್ ಕಾರ್ಡಿನಲರು ತಡೆದರು, ಬಂಧುಗಳು ಬೇಡವೆಂದರು. ಅಳುಕುತ್ತಿದ್ದ ಪೋಪರಿಗೆ ಮಗಳು ತಂದೆಗೆ ಹೇಳುವ ಸಲಿಗೆಯಿಂದಲೂ, ಪ್ರವಾದಿಯ ನಿಷ್ಠುರತೆಯಿಂದಲೂ ಆಕೆ ಕರ್ತವ್ಯವನ್ನು ನೆನಪಿಸಿದಳು. ಸೆಪ್ಟೆಂಬರ್ ೧೩ರಂದು ಗ್ರೆಗೊರಿಯವರು ಅರಮನೆಯನ್ನು ಬಿಟ್ಟು ಹೊರಟರು. ೧೩೭೭ರ ಜನವರಿ ೧೭ರಂದು ರೋಮನ್ನು ಪ್ರವೇಶಿಸಿದರು. ೧೯೭೦ರಲ್ಲಿ ಆರನೆಯ ಪೌಲರು ಕ್ಯಾಥರೀನಮ್ಮನವರನ್ನು ಧರ್ಮಸಭೆಯ ಆಚಾರ್ಯರ ಪಂಕ್ತಿಗೆ ಸೇರಿಸಿದರು.

ಅಲ್ಲಿಗೆ ಸಂಕಟ ಮುಗಿಯಲಿಲ್ಲ. ಮರುವರ್ಷ ಗ್ರೆಗೊರಿಯವರು ತೀರಿಕೊಳ್ಳಲು, ರೋಮಿನಲ್ಲಿ ಆರನೆಯ ಅರ್ಬನರು ಆಯ್ಕೆಯಾದರು. ಅವರನ್ನು ಒಪ್ಪದ ಕಾರ್ಡಿನಲರು ಬೇರೊಬ್ಬನನ್ನು ಆರಿಸಿದರು. ಆತನು ಅವಿನ್ಯೋನಿಗೆ ಹಿಂದಿರುಗಿದನು. ಹೀಗೆ ೧೩೭೮ರಿಂದ ೧೪೧೭ರವರೆಗೆ ಕ್ರೈಸ್ತ ಜಗತ್ತು ಒಡೆದುಹೋಯಿತು. ಸಂತರೂ ಇಬ್ಭಾಗವಾದರು. ಕ್ಯಾಥರೀನಮ್ಮನವರು ರೋಮಿನ ಪರವಾಗಿದ್ದರೆ, ಸಂತ ವಿನ್ಸೆಂಟ್ ಫೆರರ್ ಅವರು ಬಹುಕಾಲ ಅವಿನ್ಯೋನಿನ ಪರವಾಗಿದ್ದರು. ಕೊನೆಗೆ ಕಾನ್‌ಸ್ಟೆನ್ಸ್ ಮಹಾಸಭೆಯು ಐದನೆಯ ಮಾರ್ಟಿನರನ್ನು ಆಯ್ಕೆಮಾಡಿದ ಮೇಲೆ ಐಕ್ಯ ಮರಳಿತು. ಸಜ್ಜನರೂ ಭಿನ್ನಾಭಿಪ್ರಾಯ ಹೊಂದಬಹುದು. ಆದರೆ ಒಡಕಿನಲ್ಲಿ ಸುಖ ಕಾಣುವವನು ಸಜ್ಜನನಲ್ಲವೆಂಬುದನ್ನು ಈ ಚರಿತ್ರೆ ಕಲಿಸುತ್ತದೆ.

ಅರಮನೆಗೆ ಬಂದ ಗತಿ

ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, ೧೭೯೧ರ ಸೆಪ್ಟೆಂಬರಿನಲ್ಲಿ, ಅವಿನ್ಯೋನ್ ಫ್ರಾನ್ಸಿಗೆ ಸೇರಿತು. ಮರುತಿಂಗಳು ಅರಮನೆಯೊಳಗೆ ಸೆರೆಯಾಳುಗಳ ಕಗ್ಗೊಲೆ ನಡೆದು, ಶವಗಳನ್ನು ಗೋಪುರವೊಂದರ ತಳಕ್ಕೆ ಎಸೆಯಲಾಯಿತು. ನಗರವನ್ನು ಕಳೆದುಕೊಂಡ ಪೋಪ್ ಆರನೆಯ ಪಿಯುಸರು ಸೆರೆಯಾಳಾಗಿ ಫ್ರಾನ್ಸಿಗೆ ಒಯ್ಯಲ್ಪಟ್ಟು, ಅದೇ ರೋನ್ ನದಿಯ ದಂಡೆಯ ವಲಾನ್ಸ್ ಊರಿನಲ್ಲಿ ೧೭೯೯ರ ಆಗಸ್ಟಿನಲ್ಲಿ ಪ್ರಾಣಬಿಟ್ಟರು. ಪೋಪರ ಪರಂಪರೆ ಇಲ್ಲಿಗೆ ಮುಗಿಯಿತೆಂದು ಹಲವರು ನಂಬಿದ್ದರು. ಅರಮನೆಯು ೧೯೦೬ರವರೆಗೂ ಸಿಪಾಯಿಗಳ ವಸತಿಯಾಯಿತು. ಸಂತರ ಮುಖಗಳನ್ನು ಗೋಡೆಯಿಂದ ಕೆತ್ತಿ ತೆಗೆದು ಮಾರಿದವರೂ ಉಂಟು.

ಆದರೆ ಆ ಅಂಧಕಾರದ ದಿನಗಳಲ್ಲೇ, ಅವಿನ್ಯೋನಿನ ಉತ್ತರಕ್ಕಿರುವ ವಿವರೆ ಸೀಮೆಯಲ್ಲಿ ೧೭೯೨ರಲ್ಲಿ ಗುರುಪಟ್ಟ ಪಡೆದ ಯುವಕರೊಬ್ಬರು ಸ್ವದೇಶವನ್ನು ಬಿಟ್ಟು ಭಾರತಕ್ಕೆ ಹೊರಟರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿ, ಸಿಡುಬಿನ ಲಸಿಕೆಯನ್ನು ಹಳ್ಳಿಗರಿಗೆ ಹಾಕಿಸಲು ಶ್ರಮಿಸಿದ ಅಬ್ಬೆ ದ್ಯುಬುವಾ ಅವರೇ ಆ ಯುವಕರು. ಅರಮನೆ ಪಾಳುಬಿದ್ದಾಗಲೂ ಆ ನದೀಕಣಿವೆಯ ವಿಶ್ವಾಸ ಪಾಳುಬೀಳಲಿಲ್ಲ. ಅದರ ಫಲ ನಮ್ಮ ನಾಡಿಗೂ ತಲುಪಿತು.

ನಂದದ ದೀಪ

ಇಂದು ಅರಮನೆಯು ಪ್ರೇಕ್ಷಣೀಯ ಸ್ಥಳ. ೧೯೪೭ರಲ್ಲಿ ಝಾನ್ ವಿಲಾರ್ ಆರಂಭಿಸಿದ ನಾಟಕೋತ್ಸವವು ಅದರ ಅಂಗಳದಲ್ಲಿ ನಡೆಯುತ್ತದೆ. ೧೯೯೫ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆದರೆ ಭಕ್ತನಾದ ಪ್ರವಾಸಿಗನು ಅಷ್ಟಕ್ಕೇ ತೃಪ್ತನಾಗದೆ ಬಣ್ಣಗಾರರ ಬೀದಿಗೆ ಹೋಗಬೇಕು. ಕಾಲುವೆಯ ಪಕ್ಕದ ಆ ಬೀದಿಯಲ್ಲಿ ಬೂದುಬಣ್ಣದ ಉಡುಪಿನ ಪಶ್ಚಾತ್ತಾಪಿಗಳ ಸಂಘದ ಚಿಕ್ಕ ಗುಡಿಯಿದೆ. ಈ ಸಂಘ ೧೨೨೬ರಲ್ಲಿ ಹುಟ್ಟಿತೆಂದು ಪರಂಪರೆ. ೧೪೩೩ರ ನವೆಂಬರ್ ೩೦ರಂದು ನೆರೆನೀರು ಗುಡಿಗೆ ನುಗ್ಗಿದಾಗ, ಪರಮಪ್ರಸಾದವನ್ನು ರಕ್ಷಿಸಲು ದೋಣಿಯಲ್ಲಿ ಬಂದ ಸದಸ್ಯರು, ನೀರು ಎರಡು ಪಕ್ಕದಲ್ಲೂ ಗೋಡೆಯಂತೆ ನಿಂತು ಪೀಠದವರೆಗಿನ ದಾರಿ ಒಣಗಿದ್ದುದನ್ನು ಕಂಡರೆಂದು ಸಂಘದವರು ಇಂದಿಗೂ ಸ್ಮರಿಸುತ್ತಾರೆ. ಕ್ರಾಂತಿಯಲ್ಲಿ ಮುಚ್ಚಿದ ಗುಡಿ ಮತ್ತೆ ತೆರೆಯಿತು. ಆರಾಧನೆ ಮತ್ತೆ ಆರಂಭವಾಯಿತು.

ಪೋಪರ ಅರಮನೆಯಲ್ಲಿ ಟಿಕೆಟ್ಟು ಕೊಂಡು ನೋಡುವವರಿದ್ದಾರೆ. ಬಣ್ಣಗಾರರ ಗುಡಿಯಲ್ಲಿ ಮೊಣಕಾಲೂರುವವರಿದ್ದಾರೆ. ಶತಮಾನೋತ್ಸವ ಆಚರಿಸುವ ನಾವು ನಮ್ಮ ದೇವಾಲಯಕ್ಕೆ ಸುಣ್ಣಬಣ್ಣ ಬಳಿದು, ಗೋಪುರವನ್ನು ಸಿಂಗರಿಸಿದ್ದೇವೆ. ಅದು ಯೋಗ್ಯವೇ. ಆದರೆ ಮುಂದಿನ ನೂರು ವರ್ಷಗಳು ಕಳೆದಾಗ ಇಲ್ಲಿಗೆ ಬರುವವರು ಗೋಡೆಗಳನ್ನು ನೋಡಲು ಬರುವರೋ, ಪ್ರಾರ್ಥಿಸಲು ಬರುವರೋ ಎಂಬುದನ್ನು ನಿರ್ಧರಿಸುವುದು ನಮ್ಮ ಮಕ್ಕಳಿಗೆ ನಾವು ಇಂದು ಮನೆಯಲ್ಲಿ ಕಲಿಸುವ ಜಪವೇ. ಜೀವಂತ ಕಲ್ಲುಗಳಾಗಿ ಕಟ್ಟಲ್ಪಡುವ ಕೃಪೆಯನ್ನು ದಯಾಮಯನಾದ ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.