ಭಾರತದಲ್ಲಿ ಕ್ರೈಸ್ತ ವೈದ್ಯಕೀಯ ಸೇವೆ ನಡೆದುಬಂದ ದಾರಿ

ರೋಗಿಯ ಆರೈಕೆ ಕ್ರೈಸ್ತರಿಗೆ ಪ್ರಾರ್ಥನೆಯಷ್ಟೇ ಹಳೆಯ ಕರ್ತವ್ಯ. ಯೇಸು ಶಿಷ್ಯರ ಕಾಲು ತೊಳೆದದ್ದು, ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಒಬ್ಬ ಸಮಾರ್ಯದವನು ಉಪಚರಿಸಿದ ಕಥೆ, ಎರಡೂ ಭಕ್ತಿಯನ್ನು ಸೇವೆಯಿಂದ ಅಳೆಯುತ್ತವೆ. 4ನೇ ಶತಮಾನದಲ್ಲೇ ಬಿಷಪ್ ಬೇಸಿಲ್ ಸಿಸೇರಿಯಾ ಪಟ್ಟಣದ ಹೊರಗೆ ಬಡವರಿಗೂ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿಸಿದ್ದರು.

ಭಾರತದಲ್ಲಿ ಈ ಸೇವೆ ಸಂಘಟಿತ ರೂಪ ತಳೆದದ್ದು 19ನೇ ಶತಮಾನದಲ್ಲಿ. 1819ರಲ್ಲಿ ಅಮೆರಿಕದಿಂದ ಹೊರಟ ಡಾ. ಜಾನ್ ಸ್ಕಡರ್ ಮೊದಲು ಸಿಲೋನಿನಲ್ಲಿ, ಆಮೇಲೆ ಮದ್ರಾಸಿನಲ್ಲಿ ದುಡಿದರು. ಆ ದಿನಗಳಲ್ಲಿ ಔಷಧ ಕೊಡುವ ಜಾಗವೇ ಸುವಾರ್ತೆ ಸಾರುವ ಜಾಗವೂ ಆಗಿತ್ತು. ಮತಾಂತರದ ಉದ್ದೇಶ ಬೆರೆತ ಸೇವೆಯನ್ನು ಗಾಂಧೀಜಿ ಮುಂದೆ ಕಟುವಾಗಿಯೇ ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿತ್ತು. ಹಾರ್ವರ್ಡಿನ ವಿಲಿಯಂ ಹಾಕಿಂಗ್ ಮುಂದಾಳುತನದಲ್ಲಿ 1932ರಲ್ಲಿ ಹೊರಬಂದ ಅಮೆರಿಕದ ಪ್ರಾಟೆಸ್ಟೆಂಟರದೇ ವರದಿಯೊಂದು, ವೈದ್ಯಸೇವೆಯನ್ನು ಬೋಧನೆಯ ಹೊಣೆಯಿಂದ ಬಿಡಿಸಬೇಕೆಂದು ಹೇಳಿತು.

ಮೊದಲ ದೊಡ್ಡ ತಿರುವು ತಂದವರು ಮಹಿಳಾ ವೈದ್ಯರು. ಪರಪುರುಷ ಮುಟ್ಟಬಾರದೆಂಬ ಕಟ್ಟಳೆಯಿಂದ ಎಷ್ಟೋ ಹೆಂಗಸರು ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದ ಕಾಲವದು. 1870ರಲ್ಲಿ ಬರೇಲಿಗೆ ಬಂದ ಕ್ಲಾರಾ ಸ್ವೇನ್ ಅವರ ಆಸ್ಪತ್ರೆಗೆ ಜಾಗ ಕೊಟ್ಟವರು ರಾಂಪುರದ ನವಾಬರು. 1894ರಲ್ಲಿ ಎಡಿತ್ ಬ್ರೌನ್ ಲೂಧಿಯಾನದಲ್ಲಿ ಹೆಣ್ಣುಮಕ್ಕಳಿಗೆ ವೈದ್ಯ ಶಾಲೆ ತೆರೆದರು. ಜಾನ್ ಸ್ಕಡರರ ಮೊಮ್ಮಗಳು ಐಡಾ ಸ್ಕಡರ್‌ಗೆ ವೈದ್ಯೆಯಾಗುವ ಮನಸ್ಸೇ ಇರಲಿಲ್ಲ. ಮನೆಯವರು ಗಂಡು ವೈದ್ಯನ ನೆರವು ಬೇಡವೆಂದದ್ದಕ್ಕೆ ಒಂದೇ ರಾತ್ರಿ ಮೂವರು ಹೆಂಗಸರು ಹೆರಿಗೆಯಲ್ಲಿ ತೀರಿಕೊಂಡದ್ದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಓದು ಮುಗಿಸಿ 1900ರಲ್ಲಿ ಭಾರತಕ್ಕೆ ಮರಳಿ ವೆಲ್ಲೂರಿನಲ್ಲಿ ಒಂದು ಹಾಸಿಗೆಯ ದವಾಖಾನೆ ತೆರೆದರು, 1918ರಲ್ಲಿ ಹೆಣ್ಣುಮಕ್ಕಳ ವೈದ್ಯ ಶಾಲೆ ಆರಂಭಿಸಿದರು. ವೈದ್ಯ ಒಬ್ಬರೇ ಎಷ್ಟು ಜನರನ್ನು ನೋಡಿಯಾರು? ಕಲಿಸುವುದೂ ಸೇವೆಯೆಂದು ಅರಿತದ್ದೇ ಐಡಾ ಅವರ ದೊಡ್ಡ ಕೊಡುಗೆ.

ಕನ್ನಡ ನಾಡಿನಲ್ಲೂ ಇದೇ ಕಾಲದಲ್ಲಿ ಕೆಲಸ ಶುರುವಾಗಿತ್ತು. 1880ರಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಹಂಚತೊಡಗಿದರು. ಹತ್ತು ವರ್ಷದಲ್ಲಿ ಅಲ್ಲೇ ಕುಷ್ಠಾಶ್ರಮ ಎದ್ದಿತು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದು; ಮೈಸೂರಿನವರು ಇಂದಿಗೂ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು.

ಕ್ಯಾಥೊಲಿಕ್ ಸಿಸ್ಟರ್‌ಗಳಿಗೆ ಬಹುಕಾಲ ಅವರ ಸಭೆಯ ಕಾನೂನೇ ಅಡ್ಡಿಯಾಗಿತ್ತು: ವೈದ್ಯವೃತ್ತಿ ನಡೆಸುವುದು, ಹೆರಿಗೆ ಮಾಡಿಸುವುದು ಸಂನ್ಯಾಸಿನಿಗೆ ಸಲ್ಲದು. ವಿಶೇಷ ಅನುಮತಿ ಪಡೆದು ಗುಂಟೂರಿನಲ್ಲಿ ಸಾವಿರಾರು ರೋಗಿಗಳನ್ನು ನೋಡಿದ ಆಸ್ಟ್ರೇಲಿಯಾದ ಡಾ. ಮೇರಿ ಗ್ಲೌರಿ ಅಪವಾದ. ರೋಮ್ ಆ ತಡೆಯನ್ನು ತೆಗೆದದ್ದು 1936ರಲ್ಲಿ. 1943ರಲ್ಲಿ ಗ್ಲೌರಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಕಟ್ಟಿದರು; 1963ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು.

ಕುಷ್ಠರೋಗದ ವಿಷಯದಲ್ಲಿ ಕರುಣೆಯ ಜೊತೆಗೆ ವಿಜ್ಞಾನವೂ ಬಂದದ್ದು 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರಿಂದ. ರೋಗವೇ ಬೆರಳುಗಳನ್ನು ತಿಂದುಹಾಕುತ್ತದೆ ಎಂದು ಎಲ್ಲರೂ ನಂಬಿದ್ದರು. ನರಗಳು ಸತ್ತು ನೋವು ತಿಳಿಯದ ಕೈ, ಸುಟ್ಟರೂ ಕೊಯ್ದರೂ ಎಚ್ಚರಗೊಳ್ಳದೆ ಹಾಳಾಗುತ್ತದೆ ಎಂದು ಬ್ರಾಂಡ್ ತೋರಿಸಿದರು. ಚೆನ್ನಾಗಿರುವ ಸ್ನಾಯುರಜ್ಜುಗಳನ್ನು ಬೇರೆಡೆಗೆ ಜೋಡಿಸಿ, ಮಡಚಿಕೊಂಡ ಬೆರಳುಗಳಿಗೆ ಮತ್ತೆ ಚಲನೆ ತಂದರು. ಆಶ್ರಮದಲ್ಲಿ ಅನ್ನ ಪಡೆದು ಕೂತಿರಬೇಕಾಗಿದ್ದವರಿಗೆ ಮತ್ತೆ ದುಡಿದು ಉಣ್ಣುವ ದಾರಿ ಸಿಕ್ಕಿತು.

ಆಸ್ಪತ್ರೆಯ ಗೋಡೆ ದಾಟಿದ್ದು ಇನ್ನೂ ದೊಡ್ಡ ಹೆಜ್ಜೆ. ವೆಲ್ಲೂರಿನಲ್ಲಿ ಓದಿದ ರಜನಿಕಾಂತ್ ಮತ್ತು ಮೇಬಲ್ ಅರೋಳೆ ದಂಪತಿ 1970ರಲ್ಲಿ ಬರಪೀಡಿತ ಮಹಾರಾಷ್ಟ್ರದ ಜಾಮಖೇಡಕ್ಕೆ ಹೋದರು. ಹಳ್ಳಿಯವರೇ ಆರಿಸಿದ ಹೆಂಗಸರಿಗೆ ಅಲ್ಲಿ ಆರೋಗ್ಯಪಾಠ ಕಲಿಸಿದರು. ಅವರಲ್ಲಿ ಅನೇಕರು ಅಕ್ಷರ ಬಾರದವರು, ದಲಿತರು. ಕುಡಿಯುವ ನೀರು, ಮಕ್ಕಳ ಆಹಾರ, ಬಾಣಂತಿಯ ಆರೈಕೆ ಎಲ್ಲವನ್ನೂ ಅವರೇ ನೋಡಿಕೊಂಡರು. ದಲಿತ ಹೆಣ್ಣಿನಿಂದ ಮೇಲ್ಜಾತಿಯವರು ಆರೋಗ್ಯದ ಮಾತು ಕೇಳುವಂತಾದದ್ದು ಯಾವ ಔಷಧಕ್ಕೂ ಕಡಿಮೆಯ ಸಾಧನೆಯಲ್ಲ. ಅರೋಳೆ ದಂಪತಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸ್ವಾತಂತ್ರ್ಯದ ನಂತರ ವಿದೇಶಿ ವೈದ್ಯರೂ ಹಣವೂ ಕಡಿಮೆಯಾಗುತ್ತ ಬಂದಂತೆ ಎಷ್ಟೋ ಸಣ್ಣ ಮಿಷನ್ ಆಸ್ಪತ್ರೆಗಳು ಮುಚ್ಚಿದವು. ಉಳಿದವು ದುಬಾರಿ ಯಂತ್ರಗಳ ಪೈಪೋಟಿಯಲ್ಲಿ ಬಡರೋಗಿಯನ್ನು ಬಿಡದಿರಲು ಹೆಣಗುತ್ತಿವೆ. ಉತ್ತರ ಭಾರತದಲ್ಲಿ ಇಂಥ ಹಲವು ಆಸ್ಪತ್ರೆಗಳನ್ನು ಇಮ್ಯಾನುಯೆಲ್ ಹಾಸ್ಪಿಟಲ್ ಅಸೋಸಿಯೇಷನ್ ನಡೆಸುತ್ತಿದೆ.