ನಮ್ಮ ಮಾತ್ರೆ ಬೆಕ್ಕಿಗೆ, ಕುದುರೆಯ ಮದ್ದು ನಾಯಿಗೆ ಕೊಡಬಹುದೇ?

ನಾಯಿಗೋ ಬೆಕ್ಕಿಗೋ ಜ್ವರ ಬಂದರೆ ಅರ್ಧ ಪ್ಯಾರಸಿಟಮಾಲ್ ಕೊಡಿ, ಡಾಕ್ಟರ್ ಫೀಸು ಉಳಿಯುತ್ತದೆ ಎನ್ನುವ ಧಾಟಿಯ ಸಂದೇಶಗಳನ್ನು ನೀವೂ ನೋಡಿರುತ್ತೀರಿ. ಕುದುರೆಗೆ ಹೊಟ್ಟೆನೋವು ಬಂದರೆ ಬಾಟಲಿಯಲ್ಲಿ ಎಣ್ಣೆ ಕುಡಿಸಿ ಎನ್ನುವ ಸಲಹೆಯೂ ಬಹಳ ಹಳೆಯದು. ಕಳಿಸುವವರ ಉದ್ದೇಶ ಕೆಟ್ಟದ್ದೇನಲ್ಲ. ರಾತ್ರಿ ಹನ್ನೊಂದಕ್ಕೆ ಡಾಕ್ಟರ್ ಸಿಗದಿದ್ದಾಗ ಮನೆಯಲ್ಲಿದ್ದ ಮಾತ್ರೆಯ ಕಡೆಗೇ ಕೈ ಹೋಗುತ್ತದೆ. ಆದರೆ ಈ ಎರಡೂ ಸಲಹೆಗಳು ಪ್ರಾಣಿಯ ಜೀವ ತೆಗೆಯಬಲ್ಲವು.

ಮೈಸೂರಿನವರಿಗೆ ಇದು ತುಸು ಹತ್ತಿರದ ವಿಷಯ. ಕುಂಬಾರಕೊಪ್ಪಲು, ಗೋಕುಲಂ ಕಡೆಯ ಮನೆಗಳಲ್ಲಿ ನಾಯಿ ಬೆಕ್ಕು ಸಾಮಾನ್ಯ. ಇದೇ ಊರಿನಲ್ಲಿ ದಸರಾಕ್ಕೆ ಬರುವ ಅಶ್ವಾರೋಹಿ ಪೊಲೀಸರ ಕುದುರೆಗಳಿವೆ, ರೇಸ್ ಕುದುರೆಗಳಿವೆ, ಅರಮನೆ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಓಡಾಡುವ ಟಾಂಗಾ ಕುದುರೆಗಳಿವೆ. ಟಾಂಗಾದವರಿಗೆ ಸರ್ಕಾರಿ ಪಶು ಆಸ್ಪತ್ರೆ ಬಿಟ್ಟರೆ ಸ್ವಂತ ಕ್ಲಿನಿಕ್ ಇಟ್ಟುಕೊಂಡ ಖಾಸಗಿ ವೈದ್ಯರೇ ಗತಿ. ನಾಯಿ ಬೆಕ್ಕು ನೋಡುವ ಎಲ್ಲರೂ ಕುದುರೆ ನೋಡುವುದಿಲ್ಲ. ಎರಡನ್ನೂ ನೋಡುವ ವೈದ್ಯರ ಮುಂದೆ ಬೆಳಿಗ್ಗೆ 4 ಕೆ.ಜಿ. ತೂಕದ ಬೆಕ್ಕು ಇದ್ದರೆ, ಸಂಜೆ ಲಾಯದಲ್ಲಿ 300 ಕೆ.ಜಿ. ಮೀರಿದ ಕುದುರೆ ಇರುತ್ತದೆ. ತೂಕ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡಿದರೆ ಸಾಕಾಗುವುದಿಲ್ಲವೇ? ಸಾಕಾಗುವುದಿಲ್ಲ.

ಬೆಕ್ಕನ್ನೇ ತೆಗೆದುಕೊಳ್ಳಿ. ಪ್ಯಾರಸಿಟಮಾಲನ್ನು ನಮ್ಮ ಯಕೃತ್ತು ಒಂದು ಕಿಣ್ವದ ನೆರವಿನಿಂದ ನಿರಪಾಯಕಾರಿ ಮಾಡಿ ಹೊರಹಾಕುತ್ತದೆ. ಬೆಕ್ಕಿನಲ್ಲಿ ಆ ಕಿಣ್ವದ ವಂಶವಾಹಿ ಕೆಲಸವನ್ನೇ ಮಾಡುವುದಿಲ್ಲ. ಹೀಗಾಗಿ ಮದ್ದು ವಿಷವಾಗಿ ಬದಲಾಗಿ ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತದೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ಒಸಡು ಕಂದು ಅಥವಾ ನೀಲಿಗಟ್ಟುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಉಸಿರು ಜೋರಾಗುತ್ತದೆ. 4 ಕೆ.ಜಿ. ಬೆಕ್ಕಿಗೆ 500 ಮಿ.ಗ್ರಾಂ. ಮಾತ್ರೆಯ ಅರ್ಧ ಹಾಕಿದರೂ ಕಿಲೋಗೆ 60 ಮಿ.ಗ್ರಾಂ. ದಾಟುತ್ತದೆ. ಅದು ಸಾವು ತರಬಲ್ಲ ಪ್ರಮಾಣ. ಇದಕ್ಕೆ ಪ್ರತಿಮದ್ದು ಇದೆ, ಹೆಸರು ಅಸಿಟೈಲ್‌ಸಿಸ್ಟೀನ್. ಆದರೆ ಎಷ್ಟು ಬೇಗ ಕೊಡುತ್ತಾರೋ ಅಷ್ಟು ಉಪಯೋಗ.

ನಾಯಿಯ ದೇಹ ಪ್ಯಾರಸಿಟಮಾಲನ್ನು ಬೆಕ್ಕಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ವೈದ್ಯರು ಲೆಕ್ಕ ಹಾಕಿ ಕೊಡುವುದೂ ಉಂಟು. ನಾಯಿಗೆ ಹೆಚ್ಚು ಅಪಾಯ ನಾವು ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಿಂದ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೂತ್ರಪಿಂಡ ಸೋಲುತ್ತದೆ. ಅಂದಹಾಗೆ, ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತದ್ದರಿಂದ 2006ರಲ್ಲಿ ಭಾರತ ಪ್ರಾಣಿಗಳಿಗೆ ಅದರ ಬಳಕೆಯನ್ನೇ ನಿಷೇಧಿಸಿತು.

ಕುದುರೆಯ ಜಂತುಹುಳುವಿಗೆ ಬರುವ ಐವರ್‌ಮೆಕ್ಟಿನ್ ಪೇಸ್ಟನ್ನು ನಾಯಿಗೆ ಸ್ವಲ್ಪ ನೆಕ್ಕಿಸುವುದು ಇನ್ನೊಂದು 'ಉಪಾಯ'. ಕುದುರೆಗೆ ಕಿಲೋಗೆ 200 ಮೈಕ್ರೋಗ್ರಾಂ. ನಾಯಿಗೆ ಹೃದಯದ ಹುಳು ಬಾರದಂತೆ ಕೊಡುವುದು ಕಿಲೋಗೆ ಬರೀ 6 ಮೈಕ್ರೋಗ್ರಾಂ. ಇಡೀ ಕುದುರೆಗೆಂದು ತುಂಬಿದ ಟ್ಯೂಬಿನಿಂದ 10 ಕೆ.ಜಿ. ನಾಯಿಗೆ ಅಷ್ಟನ್ನು ಬೆರಳಲ್ಲಿ ಅಳೆಯಲು ಯಾರಿಂದಲೂ ಆಗದು. ಕೋಲಿಯಂಥ ಕೆಲವು ತಳಿಗಳಲ್ಲಿ ಈ ಮದ್ದು ನೇರ ಮಿದುಳಿಗೆ ನುಗ್ಗಿ, ನಾಯಿ ತೂರಾಡಿ ಪ್ರಜ್ಞೆ ತಪ್ಪುತ್ತದೆ.

ಇನ್ನು ಕುದುರೆಯ ಹೊಟ್ಟೆನೋವು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಹೊಟ್ಟೆಯನ್ನು ಸೇರುವ ಕಡೆ ಇರುವ ಸ್ನಾಯು ಅಷ್ಟು ಬಿಗಿ. ಅಷ್ಟು ದೊಡ್ಡ ಮೈಗೆ ಹೊಟ್ಟೆಯೋ ಚಿಕ್ಕದು, 8ರಿಂದ 15 ಲೀಟರ್. ಗ್ಯಾಸು, ನೀರು ತುಂಬಿಕೊಂಡರೆ ಹೊಟ್ಟೆ ಒಡೆದೇ ಹೋಗಬಹುದು. ಅಂಥ ಹೊತ್ತಿನಲ್ಲಿ ತಲೆ ಎತ್ತಿ ಹಿಡಿದು ಬಾಟಲಿಯಿಂದ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ವೈದ್ಯರೂ ಎಣ್ಣೆ ಕೊಡುವುದುಂಟು, ಎಲ್ಲ ಹೊಟ್ಟೆನೋವಿಗೂ ಅಲ್ಲ. ಮೊದಲು ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿ ತುಂಬಿಕೊಂಡಿದ್ದನ್ನು ಹೊರತೆಗೆದು, ನಾಡಿ, ಕರುಳಿನ ಸದ್ದು ಪರೀಕ್ಷಿಸಿ, ಬೇಕೆನಿಸಿದರೆ ಅದೇ ಕೊಳವೆಯಲ್ಲಿ ಹಾಕುತ್ತಾರೆ. ಕರುಳು ತಿರುಚಿಕೊಂಡಿದ್ದರೆ ಶಸ್ತ್ರಚಿಕಿತ್ಸೆ ಬಿಟ್ಟು ದಾರಿಯಿಲ್ಲ.

ಕುದುರೆ ಕಾಲಿನಿಂದ ನೆಲ ಕೆರೆಯುತ್ತಿದ್ದರೆ, ಪಕ್ಕೆಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದರೆ, ಬೆವರಿ ಹೊರಳಾಡುತ್ತಿದ್ದರೆ ಹುಲ್ಲು, ಹುರುಳಿ ಎಲ್ಲ ತೆಗೆದುಬಿಡಿ, ಕೂಡಲೇ ಕರೆ ಮಾಡಿ. ವೈದ್ಯರು ನೋಡುವ ಮೊದಲೇ ನೋವಿನ ಇಂಜೆಕ್ಷನ್ ಹಾಕಿಸಬೇಡಿ. ನೋವು ಅಡಗಿದರೆ ಕಾಯಿಲೆ ಎಷ್ಟು ಮುಂದುವರಿದಿದೆ ಎನ್ನುವುದೂ ಅಡಗಿಬಿಡುತ್ತದೆ.

ಖಾಸಗಿ ಕ್ಲಿನಿಕ್ಕಿಗೆ ಹೋಗುವಾಗ ವೈದ್ಯರ ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ಕೊಡುವ ಪಶುವೈದ್ಯರು ನೋಂದಣಿ ಮಾಡಿಸಿರಬೇಕು. ನಮ್ಮಲ್ಲಿ ಆ ಕೆಲಸ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನದು. 1962ಕ್ಕೆ ಕರೆ ಮಾಡಿದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ, ಆದರೆ ಅದು ಮುಖ್ಯವಾಗಿ ಜಾನುವಾರುಗಳಿಗೆ. ಕುದುರೆ ನೋಡುವ ವೈದ್ಯರ ನಂಬರನ್ನು ಕಾಯಿಲೆ ಬರುವ ಮೊದಲೇ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಒಳ್ಳೆಯದು.

ಮಾತ್ರೆ ಈಗಾಗಲೇ ಕೊಟ್ಟಾಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ಇನ್ನೊಂದು ವಿಷವಾಗಬಹುದು. ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ ಎನ್ನುವುದನ್ನು ಫೋನಿನಲ್ಲೇ ಹೇಳಿ, ಖಾಲಿ ಸ್ಟ್ರಿಪ್ಪನ್ನು ಜೊತೆಗೆ ತೆಗೆದುಕೊಂಡು ಹೋಗಿ.